ಕಾಫಿ ಬಿಡದೇ ಕೆಫೀನ್ ಕಮ್ಮಿ ಮಾಡ್ಕೊಂಡಿದ್ದು

ಕಾಫಿ ಬಿಟ್ಬಿಡಿ ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ, ನಮ್ಮನೇಲಿ ಅದು ಆಗದ ಮಾತು, ಬೆಳಿಗ್ಗೆ ಡಿಕಾಕ್ಷನ್ ಇಳಿಯೋವರೆಗೂ ಯಾರ ಮುಖದಲ್ಲೂ ಕಳೆ ಇರಲ್ಲ. ನಂಗೆ ಬೇಕಿದ್ದಿದ್ದು ರಾತ್ರಿ ನೆಟ್ಟಗೆ ನಿದ್ದೆ. ಮಲಗಿದ ತಕ್ಷಣ ಬರ್ತಿತ್ತು, ಆದ್ರೆ ನಡುರಾತ್ರಿ ಎಚ್ಚರ ಆದ್ರೆ ಮುಗೀತು, ಬೆಳಿಗ್ಗೆ ಎದ್ರೆ ಸಿಡಿಸಿಡಿ, ಅದಕ್ಕೆ ಮತ್ತೆ ಸ್ಟ್ರಾಂಗ್ ಕಾಫಿ.

ಮೊದ್ಲು ನಿಲ್ಸಿದ್ದು ಸಂಜೆ ಲೋಟ. ಕೆಫೀನ್ ಏರೋಕೆ ಮುಕ್ಕಾಲು ಗಂಟೆ ಸಾಕು, ಆದ್ರೆ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು, ಸಂಜೆ 6ಕ್ಕೆ ಕುಡಿದಿದ್ರಲ್ಲಿ ಅರ್ಧ ರಾತ್ರಿ 11ಕ್ಕೂ ಮೈಯಲ್ಲೇ ಇರುತ್ತೆ. ತೂಕಡಿಕೆ ತರೋ ಅಡೆನೋಸಿನ್ ಮಿದುಳಲ್ಲಿ ಕೂರೋ ಜಾಗಕ್ಕೆ ಇದು ಟವೆಲ್ ಹಾಕಿ ಸೀಟ್ ಹಿಡಿದ ಹಾಗೆ ಕೂತಿರುತ್ತೆ, ಸುಸ್ತು ಎಲ್ಲೂ ಹೋಗಿರಲ್ಲ, ಗೊತ್ತಾಗಲ್ಲ ಅಷ್ಟೇ. ಅದಕ್ಕೇ ಮಧ್ಯಾಹ್ನ 2 ಆದ್ಮೇಲೆ ಕಾಫಿ ಇಲ್ಲ, ಟೀನೂ ಇಲ್ಲ. ಸಂಜೆಗೆ ಕೊತ್ತಂಬರಿ ಜೀರಿಗೆ ಕಷಾಯ, ಹಾಲು ಬೆಲ್ಲ ಹಾಕಿ.

ನಿಜವಾದ ಬದಲಾವಣೆ ಆಗಿದ್ದು ಕಾಫಿಪುಡಿ ಅಂಗಡೀಲಿ. ಕಾಫಿ ಬೀಜದಲ್ಲಿ ಮುಖ್ಯವಾಗಿ ಎರಡು ಜಾತಿ, ರೋಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್ ಇರುತ್ತೆ, ಕಾಫಿಪುಡಿಗೆ ಬೆರೆಸೋ ಚಿಕೋರಿಲಿ (ಒಂದು ಗಿಡದ ಹುರಿದ ಬೇರಿನ ಪುಡಿ) ಒಂಚೂರೂ ಇಲ್ಲ. ನಾವು ತರ್ತಿದ್ದಿದ್ದು ರೋಬಸ್ಟಾ ಜಾಸ್ತಿ ಇರೋ 80:20, ಅಂದ್ರೆ 80 ಪಾಲು ಕಾಫಿ, 20 ಪಾಲು ಚಿಕೋರಿ, ಅದನ್ನ ಬರೀ ಅರೇಬಿಕಾ 60:40ಕ್ಕೆ ಇಳಿಸಿದ್ರೆ ಅಷ್ಟೇ ಪುಡಿಗೆ ಕೆಫೀನ್ ಅರ್ಧಕ್ಕಿಂತ ಕಮ್ಮಿ ಆಗುತ್ತೆ, ಲೋಟ ಅದೇ, ಹಬೆ ಅದೇ. ಪೀಬೆರಿ ಅಂದ್ರೆ ಅರೇಬಿಕಾ ಅಂದ್ಕೋಬೇಡಿ, ಅದು ಬೀಜದ ಆಕಾರ, ರೋಬಸ್ಟಾ ಪೀಬೆರಿನೂ ಇದೆ, ಕೇಳಿ ತಗೊಳ್ಳಿ. ಅಂಗಡಿಯವ್ರು "ಆಮೇಲೆ ಸ್ಟ್ರಾಂಗ್ ಇಲ್ಲ ಅನ್ಬಾರ್ದು ಮೇಡಂ" ಅಂತ ಮೊದ್ಲೇ ಹೇಳಿದ್ರು. ಅತ್ತೆಗೆ ನಾನು ಬಾಯೇ ಬಿಡ್ಲಿಲ್ಲ, ಅವ್ರು "ಈ ಸಲ ಡಿಕಾಕ್ಷನ್ ಗಟ್ಟಿ ಬಂದಿದೆ ಕಣೇ" ಅಂದ್ರು, ಚಿಕೋರಿ ಮಹಿಮೆ!

ಒಂದೇ ಏಟಿಗೆ ಇಳಿಸ್ಲಿಲ್ಲ, ಹಳೇ ಪುಡಿಗೆ ಹೊಸದು ಬೆರೆಸ್ತಾ ವಾರವಾರ ಪಾಲು ಜಾಸ್ತಿ ಮಾಡ್ತಾ ಬಂದೆ. ದಿಢೀರಂತ ನಿಲ್ಸಿದ್ರೆ 12ರಿಂದ 24 ಗಂಟೆ ಒಳಗೆ ತಲೆನೋವು ಶುರು, ಕೆಲವ್ರಿಗೆ ವಾರದ ಮೇಲೂ ಎಳೆಯುತ್ತೆ, ಜೊತೆಗೆ ಮಂಕು, ಸಿಟ್ಟು. ಆಗ ನುಂಗೋ ಮಾತ್ರೆ ಸ್ಟ್ರಿಪ್ ತಿರುಗಿಸಿ ನೋಡಿ, ಕೆಲವು ತಲೆನೋವಿನ ಮಾತ್ರೇಲೂ ಕೆಫೀನ್ ಇರುತ್ತೆ. ಬೆಳಗಿನ ಸಿಡಿಸಿಡಿ ಎಷ್ಟೋ ಪಾಲು ಇದೇ, ರಾತ್ರಿಯೆಲ್ಲ ಕೆಫೀನ್ ಸಿಗದೆ ಮೈ ಕೇಳ್ತಿರುತ್ತೆ, ಮೊದಲ ಲೋಟ ಬಿದ್ದ ಕೂಡಲೇ ಲೋಕ ಚೆನ್ನಾಗಿ ಕಾಣುತ್ತೆ, ಅದನ್ನೇ ನಾವು ಕಾಫಿ ಮೂಡ್ ಅನ್ಕೋತೀವಿ. ಈಗ ನಂಗೆ ಅಷ್ಟು ಏರಿಳಿತ ಇಲ್ಲ, ಎಚ್ಚರ ಆದ್ರೂ ಮತ್ತೆ ನಿದ್ದೆ ಹತ್ತುತ್ತೆ.

ಗರ್ಭಿಣಿಯರಿಗೆ ಕೆಫೀನ್ ಇಳಿಯೋದು ಇನ್ನೂ ನಿಧಾನ, ದಿನಕ್ಕೆ 200 ಮಿ.ಗ್ರಾಂ. ದಾಟಬಾರ್ದು ಅಂತಾರೆ, ಅವ್ರು ಡಾಕ್ಟರ್ ಹತ್ರ ಕೇಳೋದೇ ಸರಿ.

ಊಟ ಆದ್ಮೇಲಿನ ತೂಕಡಿಕೆಗೆ ಮಾತ್ರ ಒಂದು ಉಪಾಯ ಇಟ್ಕೊಂಡಿದೀನಿ, ಒಂದೂವರೆಗೆ ಅರ್ಧ ಲೋಟ ಕುಡಿದು ತಕ್ಷಣ 20 ನಿಮಿಷ ಕಣ್ಮುಚ್ಚಿಬಿಡೋದು, ಏಳೋ ಹೊತ್ತಿಗೆ ಕಾಫಿನೂ ಕೆಲ್ಸ ಶುರು ಮಾಡಿರುತ್ತೆ, ಆಫೀಸಲ್ಲಿ ಮಲಗೋಕೆ ಜಾಗ ಹುಡ್ಕೋದೇ ಕಷ್ಟ.