ಸ್ಕೀ ಮಾಡದವರಿಗೂ ಸೇರಿಸಿ ಸ್ಕೀ ರಜೆ: ವೆಂಗೆನ್‌ಗೆ ನಾವು ಹೊರಟ ರೀತಿ

ಸ್ಕೀ ರಜೆ ಅಂದ ತಕ್ಷಣ ಎಲ್ಲರೂ ನೋಡುವುದು ಎಷ್ಟು ಕಿಲೋಮೀಟರ್ ಇಳಿಜಾರು ಇದೆ, ಎಷ್ಟು ಲಿಫ್ಟ್ ಇದೆ ಅಂತ. ನಮ್ಮ ಮನೆಗೆ ಆ ಲೆಕ್ಕ ಹೊಂದುತ್ತಿರಲಿಲ್ಲ. ನಾವಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಮಕ್ಕಳು ಹೊಸದಾಗಿ ಕಲಿಯುವವರು, ಹೆಂಡತಿಗೆ ಅಷ್ಟಿಷ್ಟು ಬರುತ್ತದೆ. ಹಾಗಾಗಿ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲರೂ ಒಂದೇ ಮೇಜಿನಲ್ಲಿ ಊಟಕ್ಕೆ ಸೇರಬಹುದಾದ ಊರು ಯಾವುದು?

ಸ್ವಿಟ್ಜರ್ಲೆಂಡಿನ ವೆಂಗೆನ್ ಸಿಕ್ಕಿತು. 1,274 ಮೀಟರ್ ಎತ್ತರದಲ್ಲಿ, ಲೌಟರ್‌ಬ್ರುನ್ನೆನ್ ಕಣಿವೆಯ ಮೇಲಿನ ಬಿಸಿಲುಗಟ್ಟೆಯಲ್ಲಿ ಕೂತ ಹಳ್ಳಿ ಅದು. ಮರದ ಮನೆಗಳು, ಎದುರಿಗೆ ಯುಂಗ್‌ಫ್ರೌ ಶಿಖರ. ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ, ಕೆಳಗಿನಿಂದ ರೈಲೇ ಗತಿ. 1893ರಲ್ಲಿ ಶುರುವಾದ ಆ ರೈಲಿನಲ್ಲೇ ನಮ್ಮ ಗುಟ್ಟಿದ್ದದ್ದು. ಸ್ಕೀಯವರು ಮೇಲೆ ಹೋಗುವ ರೈಲಿನಲ್ಲೇ ಅಜ್ಜ ಅಜ್ಜಿಯೂ ಆರಾಮಾಗಿ ಕೂತು 2,061 ಮೀಟರ್ ಎತ್ತರದ ಕ್ಲೈನ ಶೈಡೆಗ್ ಅನ್ನುವ ಬೆಟ್ಟದ ಸ್ಟೇಷನ್ನಿಗೆ ಊಟಕ್ಕೆ ಬರಬಹುದು. ಕುರ್ಚಿ ಲಿಫ್ಟಿಗೆ ಹಾರಿ ಕೂರುವ ಕಷ್ಟವಿಲ್ಲ. ಕಂಬಿಗಳ ನಡುವೆ ಹಲ್ಲಿನ ಪಟ್ಟಿ ಇರುವ ರೈಲು. ಅಪ್ಪ ಬಗ್ಗಿ ನೋಡಿ, "ಇದು ನಮ್ಮ ಊಟಿ ರೈಲೇ ಅಲ್ವೇನೋ?" ಅಂದರು. ತಪ್ಪೇನಿಲ್ಲ, ಊಟಿಯ ಹಳೆಯ ಉಗಿ ಇಂಜಿನ್‌ಗಳು ತಯಾರಾಗಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲೇ.

ಯಾವಾಗ ಹೋಗುವುದು ಅನ್ನುವುದೇ ಖರ್ಚಿನ ಅರ್ಧ. ಜನವರಿ ನಡುವಿನಲ್ಲಿ ಇಲ್ಲಿ ಲೌಬರ್‌ಹಾರ್ನ್ ಅನ್ನುವ ಸ್ಕೀ ಸ್ಪರ್ಧೆ ಇರುತ್ತದೆ. 1930ರಿಂದ ನಡೆಯುತ್ತಿರುವ ಇದರ ಇಳಿಯೋಟ ವಿಶ್ವಕಪ್ಪಿನಲ್ಲೇ ಅತಿ ಉದ್ದದ್ದು, ನಾಲ್ಕು ಕಿಲೋಮೀಟರಿಗೂ ಜಾಸ್ತಿ. ಆ ವಾರ ಊರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಫೆಬ್ರವರಿಯಲ್ಲಿ ಯುರೋಪಿನ ಅರ್ಧ ಶಾಲೆಗಳಿಗೆ ರಜೆ. ಇವೆರಡರ ನಡುವೆ, ಜನವರಿ ಕೊನೆಯಲ್ಲಿ ಒಂದು ಸಂದು ಸಿಗುತ್ತದೆ. ಚಳಿ ಜಾಸ್ತಿ, ಹಗಲು ಚಿಕ್ಕದು, ಆದರೆ ಬಾಡಿಗೆ ಇಳಿದಿರುತ್ತದೆ. ದೊಡ್ಡ ಮಗಳು ಇನ್ನೂ ಒಂದನೇ ತರಗತಿ ಸೇರಿರಲಿಲ್ಲ, ಅದಕ್ಕೇ ನಮಗೆ ಸಾಧ್ಯವಾಯಿತು. ಶಾಲೆಗೆ ಹೋಗುವ ಮಕ್ಕಳಿದ್ದರೆ ಈಸ್ಟರ್ ಬೇಗ ಬರುವ ವರ್ಷ ಮಾರ್ಚ್ ಕೊನೆಯನ್ನೂ ನೋಡಿ. ಬಿಸಿಲು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ಮಾತ್ರ ಹಿಮ ನೀರು ನೀರಾಗುತ್ತದೆ.

ಹೋಟೆಲ್ ಬೇಡ, ಅಡುಗೆಮನೆ ಇರುವ ಮನೆಯೇ ಬೇಕು ಅಂತ ನಾನು ಹಟ ಹಿಡಿದೆ. ಸಸ್ಯಾಹಾರಿಗಳಿಗೆ ಅಲ್ಲಿನ ಊಟ ಕೊಂಚ ತಲೆನೋವು. ರೋಸ್ಟಿ ಅನ್ನುವ ಆಲೂಗಡ್ಡೆಯ ತಿಂಡಿಗೆ ಕೆಲವು ಕಡೆ ಹಂದಿಮಾಂಸದ ಚೂರು ಬಿದ್ದಿರುತ್ತದೆ, ತರಕಾರಿ ಸೂಪಿಗೂ ಮಾಂಸದ ಸಾರು ಬೆರೆತಿರಬಹುದು. ಫೋಂಡ್ಯೂ ಅನ್ನುವ ಚೀಸ್ ಪಾತ್ರೆಯಲ್ಲಿ ವೈನ್ ಇರುತ್ತದೆ. ಗ್ರುಯೇರ್ ಚೀಸಿಗೆ ಹಾಲು ಒಡೆಸುವುದೇ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಕಿಣ್ವದಿಂದ. ಅಮ್ಮನಿಗೆ ಇದನ್ನೆಲ್ಲ ಮೊದಲೇ ಹೇಳಿದ್ದೆ. "ಸರಿ, ಕುಕ್ಕರ್ ತಗೊಂಡು ಬಾ" ಅಂದರು, ಅಷ್ಟೇ. ಸಂಜೆ ಸುಸ್ತಾಗಿ ಬಂದಾಗ ಬಿಸಿ ಅನ್ನ, ಹುಳಿ. ಬೆಳಿಗ್ಗೆಯ ಅವಲಕ್ಕಿ ಒಗ್ಗರಣೆ ಡಬ್ಬಿಯಲ್ಲಿ ಮೇಲಕ್ಕೂ ಬರುತ್ತಿತ್ತು. ಹೊರಗೆ ತಿನ್ನಬೇಕಾದಾಗ ಪಾಸ್ತಾ, ಚಿಪ್ಸು.

ಮನೆ ಗೊತ್ತು ಮಾಡುವಾಗ ಮಾಲೀಕರನ್ನು ಒಂದು ಮಾತು ಕೇಳಲೇಬೇಕು: ಸ್ಟೇಷನ್ನಿನಿಂದ ದಾರಿ ಏರೋ, ಇಳಿಜಾರೋ, ಸಮವೋ? ನಕ್ಷೆಯಲ್ಲಿ ಐದು ನಿಮಿಷ ಅಂತ ಕಾಣುವುದು ಮಂಜುಗಡ್ಡೆಯ ಏರಿನಲ್ಲಿ ವಯಸ್ಸಾದವರಿಗೆ ಬೇರೆಯೇ ಲೆಕ್ಕ. ಶೂ ಮೇಲೆ ಎಳೆದು ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ. ಅಪ್ಪ ಅಮ್ಮನಿಗೆ ಕೊಂಡ ವಸ್ತುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಗುಲಾಬಿ ಬಣ್ಣದ ಫಲಕ ಇರುವ ದಾರಿಗಳು ಚಳಿಗಾಲದ ನಡಿಗೆಗೆ ಅಂತಲೇ ಇರುವಂಥವು. ಅಮ್ಮ ಚೂಡಿದಾರದ ಒಳಗೆ ಉಣ್ಣೆಯ ಥರ್ಮಲ್ ಹಾಕಿಕೊಂಡು ಆ ದಾರಿಗಳಲ್ಲಿ ನಮಗಿಂತ ಜಾಸ್ತಿಯೇ ಓಡಾಡಿದರು. ಹತ್ತಿಯ ಒಳಉಡುಪು ಮಾತ್ರ ಬೇಡ. ಬೆವರು ಹೀರಿ ಒದ್ದೆಯಾಗಿ ಚಳಿ ಹಿಡಿಸುತ್ತದೆ.

ಫ್ರಾಂಕ್‌ಫರ್ಟಿನಿಂದ ಇಂಟರ್‌ಲಾಕನ್ ಓಸ್ಟ್ ಸ್ಟೇಷನ್ನಿನವರೆಗೆ ನೇರ ಐಸಿಇ (ಜರ್ಮನಿಯ ವೇಗದ ರೈಲು) ಇದೆ. ಅಲ್ಲಿಂದ ಹಿಡಿಯುವ ರೈಲು ಟ್ಸ್ವೈಲೂಚಿನೆನ್‌ನಲ್ಲಿ ಎರಡು ಹೋಳಾಗುತ್ತದೆ. ಒಂದು ಗ್ರಿಂಡೆಲ್‌ವಾಲ್ಡ್‌ಗೆ, ಇನ್ನೊಂದು ಲೌಟರ್‌ಬ್ರುನ್ನೆನ್‌ಗೆ. ಬೋಗಿಯ ಮೇಲಿನ ಹೆಸರು ನೋಡಿಯೇ ಹತ್ತಿ. ಅಪ್ಪ ಅಮ್ಮನಿಗೆ ಸ್ವಿಸ್ ಹಾಫ್ ಫೇರ್ ಕಾರ್ಡ್ ಮಾಡಿಸಿದೆವು, ಬೆಟ್ಟದ ರೈಲುಗಳಿಗೂ ಅರ್ಧ ದರ ಸಿಗುತ್ತದೆ.

ಸ್ಕೀ ಶಾಲೆಯ ವಾರದ ತರಗತಿಗಳು ಸಾಮಾನ್ಯವಾಗಿ ಭಾನುವಾರ ಇಲ್ಲವೇ ಸೋಮವಾರ ಶುರುವಾಗುತ್ತವೆ. ಅದಕ್ಕೇ ಶನಿವಾರ ತಲುಪುವ ಹಾಗೆ ಹೊರಟೆವು, ಸಂಜೆಯೇ ಬಾಡಿಗೆ ಸಾಮಾನು ತಗೊಂಡೆವು. ಅಂಗಡಿಯಲ್ಲಿ ತೂಕ ಕೇಳಿದಾಗ ನಾಚಿಕೆ ಬೇಡ, ನಿಜ ಹೇಳಿ. ಬಿದ್ದಾಗ ಸ್ಕೀ ಎಷ್ಟು ಬಲಕ್ಕೆ ಕಾಲಿನಿಂದ ಕಳಚಬೇಕು ಅನ್ನುವುದನ್ನು ತೂಕ, ಎತ್ತರ, ವಯಸ್ಸು ನೋಡಿಯೇ ಹೊಂದಿಸುತ್ತಾರೆ. ಬೂಟಿನೊಳಗೆ ಒಂದೇ ತೆಳು ಕಾಲುಚೀಲ. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಕಲಿಯುವವರ ಇಳಿಜಾರು ಊರ ನಡುವೆಯೇ ಇದೆ, ಹಾಗಾಗಿ ಮೊದಲ ದಿನವೇ ಮಕ್ಕಳಿಗೆ ಇಡೀ ಪ್ರದೇಶದ ದುಬಾರಿ ಲಿಫ್ಟ್ ಪಾಸ್ ಬೇಕಿಲ್ಲ. ಯಾವುದು ಸಾಕು ಅಂತ ಶಾಲೆಯವರನ್ನೇ ಕೇಳಿ.

ವಿಮೆ ಪತ್ರವನ್ನು ನಾನು ಕೂತು ಸಾಲು ಸಾಲಾಗಿ ಓದಿದೆ. ವೀಸಾಕ್ಕೆ ಮಾಡಿಸುವ ಪ್ರವಾಸ ವಿಮೆಯಲ್ಲಿ ಚಳಿಗಾಲದ ಆಟಗಳು ಸೇರಿರದಿರಬಹುದು. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ ಅಂತ ಬೇರೆಯಾಗಿ ನೋಡಬೇಕು.

ರೈಲಿನಲ್ಲೇ ಹೋಗಬಹುದಾದ, 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ಸ್ಟೇಷನ್ ನೋಡಲೇಬೇಕು ಅನ್ನುವುದು ಅಪ್ಪನ ಆಸೆ. ಅದನ್ನು ವಾರದ ಕೊನೆಗೆ ಇಟ್ಟೆವು, ಅಷ್ಟರಲ್ಲಿ ಮೈ ಎತ್ತರಕ್ಕೆ ಕೊಂಚ ಒಗ್ಗಿರುತ್ತದೆ. ಟಿಕೆಟನ್ನೂ ಮುಂಚೆ ತೆಗೆಯಲಿಲ್ಲ. ಬೆಳಿಗ್ಗೆ ಎದ್ದು ಶಿಖರದ ಕ್ಯಾಮೆರಾ ನೋಡುವುದು, ಮೋಡವಿದ್ದರೆ ಕೆಳಗಿನ ಕಣಿವೆಗೆ ಇಳಿದು ಸ್ಟೌಬಾಖ್ ಜಲಪಾತ ನೋಡಿ ಬರುವುದು. ಸುಮಾರು 300 ಮೀಟರಿನ ಆ ನೀರು ಚಳಿಗಾಲದಲ್ಲಿ ಸಣ್ಣದಾಗಿರುತ್ತದೆ. ಟ್ರ್ಯುಮ್ಮೆಲ್‌ಬಾಖ್ ಜಲಪಾತಗಳನ್ನು ಪಟ್ಟಿಗೆ ಸೇರಿಸಬೇಡಿ, ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ.