ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲನ್ನು ಸುಮ್ಮನಿರಿಸುವುದು ಹೇಗೆ?

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಗೇರ್ ಗಾಡಿ ಓಡಿಸಿದವರು. ಶಿವಮೊಗ್ಗದಿಂದ ತೀರ್ಥಹಳ್ಳಿ ಹಾದು, ಆಗುಂಬೆ ಇಳಿದು ಉಡುಪಿ ಸೇರುವುದೆಂದರೆ ಅವರಿಗೆ ಮನೆಯಂಗಳದಲ್ಲಿ ಓಡಾಡಿದಷ್ಟು ಸಲೀಸು. ಹೋದ ವರ್ಷ ಬೆಂಗಳೂರಿಗೆ ಬಂದಾಗ ಮಗಳ ಆಟೊಮ್ಯಾಟಿಕ್ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೊರಟರು. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಒಂದು ತಪ್ಪೂ ಆಗಲಿಲ್ಲ. ಮರಳಿ ಬಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಕಾರು ನಿಲ್ಲಿಸುವಾಗ ಅವರ ಎಡಗಾಲು ಎದ್ದಿತು. ಇಲ್ಲದ ಕ್ಲಚ್ ಹುಡುಕುತ್ತ ಹೋಗಿ ಬ್ರೇಕಿನ ಎಡ ಅಂಚನ್ನು ಬಲವಾಗಿ ತುಳಿಯಿತು. ಕಾರು ಗಕ್ಕನೆ ನಿಂತಿತು. ಆ ಹೊಡೆತಕ್ಕೆ ಮೈ ಮುಂದಕ್ಕೆ ಹೋಗಿ ಬಲಗಾಲು ಆಕ್ಸಿಲರೇಟರ್ ಮೇಲೆ ಬಿತ್ತು, ಗಾಬರಿಯಲ್ಲಿ ಎಡಗಾಲು ಸಡಿಲವಾಯಿತು, ಕಾರು ಹಾರಿ ಕಂಬಕ್ಕೆ ಬಡಿಯಿತು. ಬಂಪರ್ ಸೀಳಿತು, ದೀಪ ಒಡೆಯಿತು.

"ಬ್ರೇಕನ್ನೇ ಒತ್ತಿದೆನಲ್ಲಮ್ಮ" ಎಂದರು ಚಿಕ್ಕಪ್ಪ. ಒತ್ತಿದ್ದು ನಿಜ. ಯಾವ ಕಾಲಿನಿಂದ ಒತ್ತಿದೆ ಎಂಬುದು ಅವರಿಗೇ ತಿಳಿದಿರಲಿಲ್ಲ.

ಆಮೇಲೆ ಅತ್ತಿಗೆಯ ಜೊತೆ, ಕಚೇರಿಯ ಇಬ್ಬರ ಜೊತೆ, ಎದುರು ಮನೆಯವರ ಜೊತೆ ಪಕ್ಕದ ಸೀಟಿನಲ್ಲಿ ಕುಳಿತು ಅಭ್ಯಾಸ ಮಾಡಿಸಿದ್ದೇನೆ. ಎಲ್ಲರೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಎಡವಿದರು. 2014ರಲ್ಲಿ ಮಾರುತಿಯ ಸೆಲೆರಿಯೊ ಎಎಂಟಿಯೊಂದಿಗೆ (ಒಳಗಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಿಭಾಯಿಸುವ ಗೇರ್‌ಬಾಕ್ಸ್) ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಕಾರು ಮಧ್ಯಮವರ್ಗದ ಕೈಗೆಟುಕಿತು. ಇಪ್ಪತ್ತು ಮೂವತ್ತು ವರ್ಷ ಕ್ಲಚ್ ತುಳಿದು ಪಳಗಿದ ಕಾಲುಗಳು ಈಗ ಎರಡೇ ಪೆಡಲಿನ ಕಾರಿಗೆ ಬರುತ್ತಿವೆ. ಶೋರೂಮಿನವರು ಟಚ್‌ಸ್ಕ್ರೀನ್ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ, ಎಡಗಾಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಕ್ಲಚ್ ಒತ್ತುವುದಕ್ಕೂ ಬ್ರೇಕ್ ಒತ್ತುವುದಕ್ಕೂ ಅಜಗಜಾಂತರ. ಕ್ಲಚ್ಚನ್ನು ಒಂದೇ ಬೀಸಿಗೆ ನೆಲದವರೆಗೆ ತುಳಿಯಬೇಕು, ನಾಜೂಕೆಲ್ಲ ಬಿಡುವಾಗ. ಬ್ರೇಕಿನ ನಾಜೂಕು ಒತ್ತುವಾಗಲೇ ಬೇಕು. ಅದಕ್ಕೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್‌ನ ನೆರವೂ ಇರುವುದರಿಂದ ಹೆಬ್ಬೆರಳಿನಷ್ಟು ಭಾರ ಹಾಕಿದರೂ ಕಾರು ನಿಧಾನಿಸುತ್ತದೆ. ಕ್ಲಚ್ ಕಲಿತ ಎಡಗಾಲಿಗೆ ಆ ಅಳತೆ ಗೊತ್ತಿಲ್ಲ. ಸಾಲದ್ದಕ್ಕೆ ಬಹಳಷ್ಟು ಆಟೊಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಪೆಡಲ್ ಅಗಲವಾಗಿದ್ದು ಎಡಕ್ಕೆ ಚಾಚಿಕೊಂಡಿರುತ್ತದೆ. ಕ್ಲಚ್ ಹುಡುಕುವ ಕಾಲಿಗೆ ಸಿಗುವುದೇ ಅದು.

ರೇಸಿನವರು ಎಡಗಾಲಿನಿಂದಲೇ ಬ್ರೇಕ್ ಹಾಕುತ್ತಾರಲ್ಲ ಎಂದು ಪ್ರತಿ ಬಾರಿಯೂ ಯಾರಾದರೂ ಕೇಳುತ್ತಾರೆ. ಹೌದು. ಗೋ-ಕಾರ್ಟ್‌ನಲ್ಲಿ ಬ್ರೇಕ್ ಇರುವುದೇ ಎಡಗಾಲಿಗೆ. 1960ರ ದಶಕದ ಉತ್ತರ ಯುರೋಪಿನ ರ‍್ಯಾಲಿ ಚಾಲಕರು ಮುಂಚಕ್ರ ಚಾಲನೆಯ ಕಾರುಗಳನ್ನು ತಿರುವಿನಲ್ಲಿ ಹೊರಳಿಸಲು ಎಡಗಾಲಿನ ಬ್ರೇಕನ್ನು ಒಂದು ವಿದ್ಯೆಯಾಗಿಯೇ ಬೆಳೆಸಿದರು. ಫಾರ್ಮುಲಾ 1 ಕಾರಿನಲ್ಲಿ ಕ್ಲಚ್ ಸ್ಟೀರಿಂಗ್ ಹಿಂದೆ ಕೈಯಲ್ಲಿರುತ್ತದೆ, ಎಡಗಾಲು ಬ್ರೇಕಿಗೆ ಮೀಸಲು. ಆದರೆ ಆ ಬ್ರೇಕಿಗೆ ಬೂಸ್ಟರ್ ಇಲ್ಲ. ನೂರು ಕಿಲೋಗೂ ಹೆಚ್ಚಿನ ಭಾರ ಹಾಕಿ ತುಳಿಯಬೇಕು, ಚಾಲಕನನ್ನು ಪಟ್ಟಿಗಳಿಂದ ಸೀಟಿಗೆ ಬಿಗಿದಿರುತ್ತಾರೆ. ಆ ಕಾಲು ಬಾಲ್ಯದಿಂದ ಅದಕ್ಕೆಂದೇ ಪಳಗಿದ್ದು.

ಕಾಲು ಬದಲಿಸುವ ಹೊತ್ತು ಉಳಿಯುತ್ತದೆ ಎಂಬ ವಾದವೂ ಸುಳ್ಳಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಉಳಿದರೂ ಮೂರು ಮೀಟರಿಗೂ ಹೆಚ್ಚು ಮೊದಲೇ ಕಾರು ನಿಲ್ಲುತ್ತದೆ. ಆದರೆ ಅಷ್ಟು ಉಳಿಯಬೇಕಾದರೆ ಎಡಗಾಲು ಸದಾ ಬ್ರೇಕಿನ ಮೇಲೆ ಗಾಳಿಯಲ್ಲಿ ತೂಗುತ್ತಿರಬೇಕು. ಯಾರ ಕಾಲೂ ಗಂಟೆಗಟ್ಟಲೆ ಹಾಗಿರುವುದಿಲ್ಲ. ದಣಿದು ಪೆಡಲಿನ ಮೇಲೆ ಕೂರುತ್ತದೆ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಹಿಂದೆ ಬರುವವರಿಗೆ ನೀವು ನಿಜವಾಗಿ ನಿಲ್ಲುವುದು ಯಾವಾಗ ಎಂದು ತಿಳಿಯುವುದಿಲ್ಲ, ಬ್ರೇಕ್ ಪ್ಯಾಡ್ ಸುಮ್ಮನೆ ಸವೆದು ಬಿಸಿಯಾಗುತ್ತದೆ. ಆದ್ದರಿಂದ ನನ್ನ ಸಲಹೆ ಖಚಿತ: ಎರಡೂ ಪೆಡಲಿಗೆ ಬಲಗಾಲು, ಎಡಗಾಲಿಗೆ ವಿಶ್ರಾಂತಿ.

ಹಂತ 1: ಕಾಲಡಿ ಖಾಲಿ ಮಾಡಿ. ನೀರಿನ ಬಾಟಲಿ, ಕೊಡೆ, ಬಿಚ್ಚಿಟ್ಟ ಚಪ್ಪಲಿ ಯಾವುದೂ ಚಾಲಕನ ಕಡೆ ಇರಬಾರದು. ಹವಾಯಿ ಚಪ್ಪಲಿ ಹಾಕಿ ಓಡಿಸಬೇಡಿ, ಅದರ ತುದಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ತೆಳು ಅಟ್ಟೆಯ ಬೂಟು ಎಲ್ಲಕ್ಕಿಂತ ಒಳ್ಳೆಯದು. ಬಿಡಿಭಾಗದ ಅಂಗಡಿಗಳಲ್ಲಿ 'ಸೆವೆನ್ ಡಿ' ಎಂಬ ಹೆಸರಿನಲ್ಲಿ ಮಾರುವ ದಪ್ಪನೆಯ ಮೆತ್ತೆ ಮ್ಯಾಟ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹಿಮ್ಮಡಿಯನ್ನು ಎತ್ತರಿಸಿ ಪೆಡಲಿನ ಕೆಳಗಿನ ಜಾಗವನ್ನು ತಿನ್ನುತ್ತವೆ, ಕೊಕ್ಕೆ ಸಡಿಲವಾದರೆ ಮುಂದಕ್ಕೆ ಜಾರುತ್ತವೆ. ಪೆಡಲಿಗೆ ಅಂಟಿಸುವ ಹೊಳೆಯುವ ಲೋಹದ ಕವಚಗಳು ಇನ್ನೂ ಕೆಟ್ಟವು. ಮಳೆಗಾಲದಲ್ಲಿ ಒದ್ದೆ ಅಟ್ಟೆ ಅವುಗಳ ಮೇಲೆ ನಿಲ್ಲುವುದೇ ಇಲ್ಲ.

ಹಂತ 2: ಸೀಟು ಸರಿಪಡಿಸಿ. ಬೆನ್ನು ಸೀಟಿಗೆ ಒರಗಿಸಿ ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು, ಅಷ್ಟೇ.

ಹಂತ 3: ಬಲ ಹಿಮ್ಮಡಿಗೆ ಒಂದು ಜಾಗ ಕೊಡಿ. ಹಿಮ್ಮಡಿ ಬ್ರೇಕಿನ ಎದುರು ನೆಲಕ್ಕೆ ಊರಿರಲಿ. ಅಲ್ಲಿಂದ ಪಾದವನ್ನು ಬಲಕ್ಕೆ ಹೊರಳಿಸಿದರೆ ಆಕ್ಸಿಲರೇಟರ್, ನೇರ ತಂದರೆ ಬ್ರೇಕ್. ಎಂಜಿನ್ ಆರಿಸಿಟ್ಟು, ಕಣ್ಣು ಮುಚ್ಚಿ ಐವತ್ತು ಸಲ ಮಾಡಿ. ಪಾದ ಚಿಕ್ಕದಿದ್ದು ಬ್ರೇಕ್ ಎಟುಕದಿದ್ದರೆ ಹಿಮ್ಮಡಿ ಎತ್ತಿ ಇಟ್ಟರೂ ಅಡ್ಡಿಯಿಲ್ಲ. ಪ್ರತಿ ಸಲವೂ ಒಂದೇ ಜಾಗಕ್ಕೆ ಹೋಗುವುದು ಮುಖ್ಯ.

ಹಂತ 4: ಎಡಗಾಲನ್ನು ಫುಟ್‌ರೆಸ್ಟ್ ಮೇಲೆ ಊರಿ. ಮಡಚಿ ಸೀಟಿನಡಿ ಸೇರಿಸುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ, ಕೆಲವರು ಚಕ್ಕಳಮಕ್ಕಳ ಹಾಕುತ್ತಾರೆ. ಅದು ತಪ್ಪು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮೈಯನ್ನು ಸೀಟಿಗೆ ಒತ್ತಿ ಹಿಡಿಯುವುದು ಊರಿದ ಎಡಗಾಲೇ. ಎರಡೂ ಕಾಲು ಪೆಡಲಿನ ಮೇಲಿದ್ದರೂ ಇದೇ ತೊಂದರೆ. ಮೈ ಮುಂದೆ ಜಾರಿದಂತೆ ಎರಡೂ ಪೆಡಲುಗಳು ಒಟ್ಟಿಗೆ ಕೆಳಗೆ ಹೋಗುತ್ತವೆ. ಫುಟ್‌ರೆಸ್ಟ್ ಇಲ್ಲದ ಕಾರಿನಲ್ಲಿ ಪಾದವನ್ನು ಎಡಗೋಡೆಗೆ ತಾಗುವಂತೆ ನೆಲದ ಮೇಲಿಡಿ.

ಹಂತ 5: ಬೇಕೆಂದೇ ಒಮ್ಮೆ ತಪ್ಪು ಮಾಡಿ. ಸೈಟು ಹಂಚಿಯೂ ಮನೆ ಏಳದ ಬಡಾವಣೆಯ ರಸ್ತೆಗೆ ಭಾನುವಾರ ಬೆಳಗ್ಗೆ ಹೋಗಿ. ಮುಂದೆ ಹಿಂದೆ ಯಾರೂ ಇರಬಾರದು, ಮಕ್ಕಳು ಕಾರಿನಲ್ಲಿರಬಾರದು, ಬೆಲ್ಟ್ ಬಿಗಿದಿರಬೇಕು. ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ಬಲಗಾಲನ್ನು ಆಕ್ಸಿಲರೇಟರ್‌ನಿಂದ ಪೂರ್ತಿ ತೆಗೆದು ನೆಲದ ಮೇಲಿಟ್ಟು, ಎಡಗಾಲಿನಿಂದ ಮೆಲ್ಲಗೆ ಬ್ರೇಕ್ ಒತ್ತಲು ನೋಡಿ. ಮೆಲ್ಲಗೆ ಎಂದುಕೊಂಡದ್ದು ಎಷ್ಟು ಜೋರಾಗಿರುತ್ತದೆ ಎಂಬುದನ್ನು ಮೈಯೇ ಕಲಿಯುತ್ತದೆ. ಒಂದೇ ಸಲ ಸಾಕು. ನನ್ನ ಅತ್ತಿಗೆಗೆ ನಾನು ಹತ್ತು ಸಲ ಹೇಳಿದ ಮಾತು ಆ ಒಂದು ಜರ್ಕಿನಲ್ಲಿ ನಾಟಿತು.

ಹಂತ 6: ತೆವಳುವುದನ್ನು ಕಲಿಯಿರಿ. ಇಲ್ಲಿಗೆ ಒಂದು ವಾರ ಕೊಡಿ, ಏಕೆಂದರೆ ಎಲ್ಲರೂ ಕೆಡುವುದು ಇಲ್ಲಿಯೇ. ಹೆದ್ದಾರಿಯಲ್ಲಿ ಎಡಗಾಲು ಏಳುವುದಿಲ್ಲ. ಗೇರ್ ಗಾಡಿಯಲ್ಲಿ ಎಲ್ಲೆಲ್ಲಿ ಹಾಫ್ ಕ್ಲಚ್ ಹಿಡಿಯುತ್ತಿದ್ದೆವೋ ಅಲ್ಲಲ್ಲಿ ಏಳುತ್ತದೆ: ಹಂಪ್, ಯು-ಟರ್ನ್, ಸಿಗ್ನಲ್ಲಿನ ಸಾಲು, ರಿವರ್ಸ್, ಬೇಸ್‌ಮೆಂಟಿನ ಏರು. ವೇಗ ಇಳಿದೊಡನೆ ಕಾಲಿಗೆ ಹಳೆಯ ನೆನಪು ಮರುಕಳಿಸುತ್ತದೆ. ಆದ್ದರಿಂದ ಆ ನಿಧಾನಗತಿಗೆ ಬಲಗಾಲಿನಲ್ಲಿ ಹೊಸ ಅಭ್ಯಾಸ ಬರುವವರೆಗೆ ಎಡಗಾಲು ಸುಮ್ಮನಿರುವುದಿಲ್ಲ.

ಸಮತಟ್ಟು ಜಾಗದಲ್ಲಿ ಬ್ರೇಕ್ ಒತ್ತಿ 'ಡಿ'ಗೆ (ಮುಂದೆ ಓಡಿಸುವ ಸ್ಥಿತಿಗೆ) ಹಾಕಿ, ಬ್ರೇಕನ್ನು ಕೂದಲೆಳೆಯಷ್ಟೇ ಸಡಿಲಿಸಿ. ಆಕ್ಸಿಲರೇಟರ್ ಮುಟ್ಟದೆಯೇ ಕಾರು ತಾನಾಗಿ ತೆವಳುತ್ತದೆ. ಇನ್ನಷ್ಟು ಬಿಟ್ಟರೆ ನಡಿಗೆಯ ವೇಗ, ಮತ್ತೆ ಒತ್ತಿದರೆ ನಿಲುಗಡೆ. ಹಾಫ್ ಕ್ಲಚ್ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಬ್ರೇಕ್ ಬಿಡುವ ಬಲಗಾಲು ಮಾಡುತ್ತದೆ. ಎರಡು ಕಲ್ಲುಗಳನ್ನಿಟ್ಟು ಅವುಗಳ ನಡುವೆ ಒಂದೊಂದು ಗೇಣು ಮುಂದಕ್ಕೆ, ಒಂದೊಂದು ಗೇಣು ಹಿಂದಕ್ಕೆ ಸರಿಸಿ. ಆಕ್ಸಿಲರೇಟರ್ ಮುಟ್ಟದೆ ಅರ್ಧ ಗಂಟೆ ಇಷ್ಟನ್ನೇ ಮಾಡಿ. ಕೆಲವು ಎಲೆಕ್ಟ್ರಿಕ್ ಕಾರುಗಳು, ಅದರಲ್ಲೂ ಒಂದೇ ಪೆಡಲಿನಲ್ಲಿ ಓಡಿಸುವ ಸ್ಥಿತಿಗೆ ಹಾಕಿದಾಗ, ತೆವಳುವುದಿಲ್ಲ. ನಿಮ್ಮ ಕಾರು ಹೇಗೆ ಎಂದು ಮೊದಲೇ ನೋಡಿಕೊಳ್ಳಿ.

ಹಂಪ್ ಬಂದಾಗ ಬೇಗನೆ ಆಕ್ಸಿಲರೇಟರ್ ಬಿಟ್ಟು ಬಲಗಾಲನ್ನು ಬ್ರೇಕಿಗೆ ತನ್ನಿ. ಮುಂದಿನ ಚಕ್ರ ಏರುವ ಹೊತ್ತಿಗೆ ಬ್ರೇಕ್ ಸಡಿಲಿಸಿ, ಕಾರು ತೆವಳಿಯೇ ದಾಟಲಿ. ಬಹಳಷ್ಟು ಹಂಪ್‌ಗಳಿಗೆ ಅಷ್ಟು ಸಾಕು. ದೊಡ್ಡದಾದರೆ ಮಾತ್ರ ಚೂರು ಆಕ್ಸಿಲರೇಟರ್ ಕೊಟ್ಟು, ಹಿಂದಿನ ಚಕ್ರ ಇಳಿಯುವವರೆಗೆ ಹದ ಕಾಯಿರಿ.

ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ ಬಲಗಾಲು ಬ್ರೇಕಿನ ಮೇಲೆ ಬಂದದ್ದು ಅಲ್ಲಿಂದ ಏಳಲೇಬಾರದು. 'ಇನ್ನೊಂದು ಚೂರು' ಎಂದು ಆಕ್ಸಿಲರೇಟರ್ ಒತ್ತಿದವರೇ ಗೋಡೆಗೆ ಗುದ್ದುವುದು. ರಿವರ್ಸ್‌ನಲ್ಲಿ ಇನ್ನೂ ಎಚ್ಚರ ಬೇಕು. ಹಿಂದೆ ನೋಡಲು ಸೊಂಟ ತಿರುಗಿದಾಗ ಬಲಗಾಲು ತನ್ನ ಜಾಗದಿಂದ ಜಾರುತ್ತದೆ. ಮೊದಲು ಬ್ರೇಕ್ ಹಿಡಿದು ಪೂರ್ತಿ ನಿಲ್ಲಿ, ಆಮೇಲೆ ತಿರುಗಿ, ಕಾಲು ಬ್ರೇಕಿನ ಮೇಲೆಯೇ ಇದೆಯೇ ಎಂದು ಒಮ್ಮೆ ಒತ್ತಿ ನೋಡಿ, ನಂತರ ಸಡಿಲಿಸಿ.

ಏರಿನಲ್ಲಿ ಮಾತ್ರ ಎಡಗಾಲಿನಿಂದ ಬ್ರೇಕ್ ಹಿಡಿದು ಬಲಗಾಲಿನಿಂದ ಆಕ್ಸಿಲರೇಟರ್ ಕೊಡಿ ಎನ್ನುವ ಅನುಭವಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಬಹಳಷ್ಟು ಹೊಸ ಕಾರುಗಳಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಕಡಿತಗೊಳಿಸುತ್ತದೆ, ಶಕ್ತಿ ಬೇಕಾದ ಹೊತ್ತಿಗೇ ಸಿಗುವುದಿಲ್ಲ. ಕಡಿತಗೊಳಿಸದ ಕಾರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆಯೋ ಒಳಗಿನ ಕ್ಲಚ್ಚೋ ಬಿಸಿಯಾಗುತ್ತದೆ. ಹ್ಯಾಂಡ್‌ಬ್ರೇಕ್ ಇರುವುದೇ ಇದಕ್ಕೆ. ಅದನ್ನು ಎಳೆದು, ಬಲಗಾಲಿನಿಂದ ಆಕ್ಸಿಲರೇಟರ್ ಹಗುರವಾಗಿ ಒತ್ತಿ, ಕಾರು ಮುಂದೆ ಜಗ್ಗುತ್ತಿದೆ ಎನಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಹಿಲ್ ಹೋಲ್ಡ್ ಇರುವ ಕಾರು ಒಂದೆರಡು ಸೆಕೆಂಡು ತಾನೇ ಹಿಡಿದುಕೊಳ್ಳುತ್ತದೆ, ಕಾಲು ಬದಲಿಸಲು ಅಷ್ಟು ಸಾಕು. ಎಎಂಟಿ ಕಾರನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ನಿಲ್ಲಿಸಿಕೊಳ್ಳಬೇಡಿ. ಒಳಗೆ ಸವೆಯುವುದು ಅದೇ ಹಳೆಯ ಕ್ಲಚ್.

ಹಂತ 7: ಕಾರು ತಾನಾಗಿ ನುಗ್ಗಿತು ಎನಿಸಿದರೆ ಎರಡೂ ಕಾಲು ಎತ್ತಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಔಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆ ಎಂಬ ದೂರು ದೊಡ್ಡ ಸುದ್ದಿಯಾಗಿತ್ತು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ವರದಿ ಕೊಟ್ಟಿತು. ಇಂಥ ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು. ಕಾರು ನಿಲ್ಲುತ್ತಿಲ್ಲ ಎಂದು ಇನ್ನಷ್ಟು ಜೋರಾಗಿ ಒತ್ತಿದ್ದರು. ಬ್ರೇಕ್ ಒತ್ತದೆ 'ಪಿ'ಯಿಂದ (ಪಾರ್ಕಿಂಗ್ ಸ್ಥಿತಿಯಿಂದ) ಗೇರ್ ಕದಲದಂತೆ ತಡೆಯುವ ಬೀಗ ವ್ಯಾಪಕವಾದದ್ದು ಆ ಪ್ರಕರಣಗಳ ನಂತರ. ಒತ್ತಿದಷ್ಟೂ ವೇಗ ಹೆಚ್ಚಿದರೆ ಕಾಲಡಿ ಇರುವುದು ಬ್ರೇಕ್ ಅಲ್ಲ. ಪಾದ ಪೂರ್ತಿ ಎತ್ತಿ, ಬಲಗಾಲನ್ನು ಎಡಕ್ಕೆ ತಂದು ಮತ್ತೆ ಒತ್ತಿ. ಖಾಲಿ ಬಡಾವಣೆಯಲ್ಲಿ ಕಾರು ತೆವಳುತ್ತಿರುವಾಗ ಇದನ್ನೂ ಹತ್ತು ಸಲ ಮಾಡಿಟ್ಟುಕೊಳ್ಳಿ.

ಹಂತ 8: ಘಾಟಿ. ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಎಡಗಾಲು ಬ್ರೇಕಿನ ಮೇಲಿಟ್ಟು ಇಳಿದರೆ ಕೆಳಗೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಕಾದ ಬ್ರೇಕಿಗೆ ಹಿಡಿತ ಕಡಿಮೆ. 'ಎಂ' (ಗೇರನ್ನು ನಾವೇ ಆರಿಸುವ ಸ್ಥಿತಿ) ಅಥವಾ 'ಎಲ್'ಗೆ (ಕೆಳಗಿನ ಗೇರಿನ ಸ್ಥಿತಿ) ಹಾಕಿ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯುವಂತೆ ಮಾಡಿ, ತಿರುವಿಗೆ ಮುಂಚೆ ಬಲಗಾಲಿನಿಂದ ಒತ್ತಿ ಪೂರ್ತಿ ಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರ ಕಾರಿನಲ್ಲಿ ನಾನು ಕೂರುವುದಿಲ್ಲ.

ಬಲಗಾಲಿಗೆ ಊನ ಅಥವಾ ಕಾಯಿಲೆ ಇರುವವರ ಮಾತು ಬೇರೆ. ಅವರಿಗಾಗಿ ಆಕ್ಸಿಲರೇಟರನ್ನು ಬ್ರೇಕಿನ ಎಡಕ್ಕೆ ತರುವ ಮಾರ್ಪಾಡು ಇದೆ. ಆರ್‌ಟಿಒ ಅನುಮತಿ ಪಡೆದು, ತಿಳಿದವರ ಕೈಯಲ್ಲೇ ಮಾಡಿಸಬೇಕು. ಅಲ್ಲಿಯೂ ಎರಡೂ ಪೆಡಲಿಗೆ ಒಂದೇ ಕಾಲು ಎಂಬುದನ್ನು ಗಮನಿಸಿ. ಮಂಡಿನೋವೆಂದು ಮಾಮೂಲಿ ಕಾರಿನಲ್ಲಿ ಎಡಗಾಲನ್ನು ಬ್ರೇಕಿಗೆ ಹಚ್ಚುವುದು ಪರಿಹಾರವಲ್ಲ, ವೈದ್ಯರನ್ನು ಕಂಡು ಬನ್ನಿ.

ಎರಡು ವಾರದ ನಂತರ ಪಕ್ಕದಲ್ಲಿ ಕುಳಿತವರಿಗೆ ನಿಮ್ಮ ಎಡಗಾಲನ್ನು ಮಾತ್ರ ನೋಡುತ್ತಿರಲು ಹೇಳಿ, ಹಂಪ್‌ಗಳಿರುವ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ, ಕೊನೆಗೆ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ. ಎಡ ಹಿಮ್ಮಡಿ ಒಮ್ಮೆಯಾದರೂ ಎದ್ದಿದ್ದರೆ ಇನ್ನೊಂದು ವಾರ ಹಂತ 6ಕ್ಕೆ ಮರಳಿ. ಚಿಕ್ಕಪ್ಪನಿಗೆ ಐದು ವಾರ ಹಿಡಿಯಿತು.

ಮನೆಯಲ್ಲಿ ಒಂದು ಗೇರ್ ಗಾಡಿ, ಒಂದು ಆಟೊಮ್ಯಾಟಿಕ್ ಇದ್ದರೆ ಗಾಡಿ ಬದಲಿಸಿದ ದಿನ ಹೊರಡುವ ಮುನ್ನ ಎಡ ಪಾದವನ್ನು ಫುಟ್‌ರೆಸ್ಟಿಗೆ ಮೂರು ಸಲ ಗಟ್ಟಿಯಾಗಿ ಒತ್ತಿ. ಮೊದಲ ಹತ್ತು ನಿಮಿಷ ಹಾಡು, ಫೋನು ಬೇಡ. ಮತ್ತೆ ಗೇರ್ ಗಾಡಿಗೆ ಹತ್ತಿದಾಗ ಕ್ಲಚ್ ಮರೆತು ಸಿಗ್ನಲ್ಲಿನಲ್ಲಿ ಎಂಜಿನ್ ಕೆಮ್ಮಿ ನಿಂತೀತು. ಅದಕ್ಕೆ ಹೆದರಬೇಡಿ. ಹಿಂದಿನವರು ಹಾರ್ನ್ ಹೊಡೆಯಲಿ, ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ತಂದು ಮತ್ತೆ ಸ್ಟಾರ್ಟ್ ಮಾಡಿ.