ಕೇಳಿದರೆ ಮಾತ್ರ ಹೇಳುವುದು: ಸುಡಾನಿನ ವಿದ್ಯಾರ್ಥಿಗಳಿಗೆ ಫೋನಿನಲ್ಲಿ ಕ್ಲಿನಿಕ್

ಕಾಸರಗೋಡಿನ ಬದಿಯಡ್ಕದಲ್ಲಿ ರಾತ್ರಿ ಹತ್ತೂವರೆ ಆದಾಗ ಖಾರ್ಟೂಮಿನಲ್ಲಿ ಏಳು ಗಂಟೆ. ನಮ್ಮ ತರಗತಿ ಆ ಹೊತ್ತಿಗೆ. 2023ರ ಏಪ್ರಿಲಿನಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳು ಚದುರಿಹೋದರು. ಪುಸ್ತಕವೇನೋ ಫೋನಿನಲ್ಲಿ ಸಿಗುತ್ತದೆ, ರೋಗಿ ಸಿಗುವುದಿಲ್ಲ. ಆ ರೋಗಿಯನ್ನು ನಾವು ಮಾತಿನಲ್ಲೇ ಕಟ್ಟುತ್ತೇವೆ.

ವಿಡಿಯೋ ಆಫ್. ಬರೀ ಧ್ವನಿಗೆ ಸೆಕೆಂಡಿಗೆ 60–80 ಕಿಲೋಬಿಟ್ ಸಾಕು, ಗಂಟೆಗೆ ಹೆಚ್ಚುಕಡಿಮೆ 30 ಎಂಬಿ. ಮುಖ ಕಾಣದಿರುವುದು ಅವರ ಸುರಕ್ಷತೆಗೂ ಒಳ್ಳೆಯದು. ರೆಕಾರ್ಡಿಂಗ್ ಕೂಡ ಇಲ್ಲ. ತಂಡದಲ್ಲಿ ಐದೇ ಮಂದಿ. ಎಂಟು ಮಂದಿ ಸೇರಿಸಿದರೆ ಮಾತಾಡುವವರು ಇಬ್ಬರು, ಉಳಿದವರು ಕೇಳುಗರು.

ಹೆಚ್ಚು ಸಲ ಆಡಿಸುವ ಕೇಸು ಭೇದಿಯ ಮಗು: 14 ತಿಂಗಳು, 10 ಕಿಲೋ, ಮಂಕು ಕವಿದಿದೆ, ಕುಡಿಯಲು ಆಗುತ್ತಿಲ್ಲ. "ಪರೀಕ್ಷೆ ಮಾಡುತ್ತೇನೆ" ಎಂದರೆ ನಾವು ಮೌನ. "ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತೇನೆ" ಎಂದರೆ ಮಾತ್ರ ಉತ್ತರ: "ಮರಳಲು ಮೂರು ಸೆಕೆಂಡು." ತಾಯಿಯ ಪಾತ್ರ ಅವರಲ್ಲೇ ಒಬ್ಬರದು, ಅರಬ್ಬಿಯಲ್ಲಿ. ಇದು ತಾಳಮದ್ದಳೆಯ ಹಾಗೆ: ಪ್ರಸಂಗ, ಅಂದರೆ ಮಗುವಿನ ಕಥೆ, ಪಾತ್ರಧಾರಿಯ ಚೀಟಿಯಲ್ಲಿದೆ, ಅರ್ಥ ಅಲ್ಲೇ ಹುಟ್ಟಬೇಕು. ಕೆಡುವುದೂ ಅಲ್ಲಿಯೇ. ತಾಯಿಯಾದ ಅರ್ಥಧಾರಿಗೆ ಉತ್ಸಾಹ ಹೆಚ್ಚಾಗಿ, ಕೇಳುವ ಮೊದಲೇ "ಮೂತ್ರ ಹೋಗಿಲ್ಲ ಡಾಕ್ಟ್ರೇ" ಎಂದುಬಿಟ್ಟರೆ ಕೇಸು ಮುಗಿದಂತೆ. ಹಾಗಾಗಿ ಚೀಟಿಯಲ್ಲಿ ಎರಡು ಸಾಲು: ತಾನಾಗಿ ಹೇಳುವುದು, ಕೇಳಿದರೆ ಹೇಳುವುದು.

ಮೈಯ ನೀರು ತೀರಾ ಬತ್ತಿದೆ ಎಂದು ತಿಳಿದ ಮೇಲೆ ಲೆಕ್ಕ. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ ಕಿಲೋಗೆ 100 ಮಿಲಿ. ವರ್ಷ ದಾಟಿದ ಮಗುವಾದ್ದರಿಂದ ಅರ್ಧ ಗಂಟೆಯಲ್ಲಿ 300, ಮುಂದಿನ ಎರಡೂವರೆ ಗಂಟೆಯಲ್ಲಿ 700. ಇದನ್ನು ಎಲ್ಲರೂ ಒಪ್ಪಿಸುತ್ತಾರೆ. "ನಿಮಿಷಕ್ಕೆ ಎಷ್ಟು ಹನಿ?" ಎಂದಾಗ ತಡವರಿಕೆ. ಮಿಲಿಗೆ 20 ಹನಿಯ ಡ್ರಿಪ್ ಸೆಟ್ಟಾದರೆ ಮೊದಲ ಹಂತಕ್ಕೆ 200 ಹನಿ; ಎಣಿಸಲು ಯಾರಿಂದಲೂ ಆಗದು. ಬಾಟಲಿಗೆ 300ರ ಗುರುತಿನಲ್ಲಿ ಪ್ಲಾಸ್ಟರ್ ಅಂಟಿಸಿ, ಗಡಿಯಾರ ನೋಡಬೇಕು. ಎರಡನೆಯ ಹಂತಕ್ಕೆ 93, ಅಂದರೆ 15 ಸೆಕೆಂಡಿಗೆ 23, ಇದನ್ನು ಎಣಿಸಬಹುದು. "ಈಗ ಅರ್ಧ ಗಂಟೆ ಕಳೆಯಿತು" ಎಂದು ನಾವು ಘೋಷಿಸಿದ ಕೂಡಲೇ ನಾಡಿ, ಉಸಿರು ಮತ್ತೆ ಕೇಳಬೇಕು. ಕೇಳದವರೇ ಹೆಚ್ಚು.

ಎರಡನೆಯ ಸುತ್ತಿನಲ್ಲಿ ಅದೇ ಮಗು, ತೂಕ 6 ಕಿಲೋ. ತೋಳಿನ ಸುತ್ತಳತೆ ಕೇಳಿದರೆ 110 ಮಿಮೀ, ಕೇಳದಿದ್ದರೆ ಇಲ್ಲ. 115ಕ್ಕಿಂತ ಕೆಳಗಾದರೆ ತೀವ್ರ ಅಪೌಷ್ಟಿಕತೆ. ಅಲ್ಲಿ ಚರ್ಮದ ಪರೀಕ್ಷೆಯನ್ನು ನಂಬುವಂತಿಲ್ಲ, ಡ್ರಿಪ್ ಸುರಿದರೆ ಹೃದಯ ಸೋಲಬಹುದು. ಶಾಕ್ (ರಕ್ತಸಂಚಾರದ ಕುಸಿತ) ಇಲ್ಲದಿದ್ದರೆ ಬಾಯಿಯಿಂದ ಅಥವಾ ಮೂಗಿನ ನಳಿಗೆಯಿಂದ ರೆಸೋಮಾಲ್ (ಇಂಥ ಮಕ್ಕಳಿಗೆಂದೇ ಇರುವ ಒಆರ್‌ಎಸ್), ಅರ್ಧ ಗಂಟೆಗೊಮ್ಮೆ 30 ಮಿಲಿ, ಮೊದಲ ಎರಡು ಗಂಟೆ. ಕಾಲರಾ ಶಂಕೆಯಿದ್ದರೆ ರೆಸೋಮಾಲ್ ಬೇಡ, ಮಾಮೂಲಿ ಒಆರ್‌ಎಸ್.

ಆಟ 15 ನಿಮಿಷ, ಆಮೇಲಿನ ಮಾತುಕತೆ 30. ಮೊದಲ ಮಾತು ಆಡಿಸಿದವರದಲ್ಲ, ಆಡಿದವರದು.

ಲೈನು ತಪ್ಪುವುದು ಇದ್ದದ್ದೇ. ಆಟಿಯ ಮಳೆಗೆ ನಮ್ಮ ಕಡೆಯಲ್ಲೂ ತಪ್ಪುತ್ತದೆ. ಮುಂದಾಳು ಕಡಿದುಹೋದರೆ ಪಟ್ಟಿಯ ಮುಂದಿನವರು "ಇದುವರೆಗೆ ಆದದ್ದು ಇಷ್ಟು" ಎಂದು ಹೇಳಿಯೇ ಮುಂದುವರಿಸಬೇಕು. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಮಾಡುವುದೂ ಅದನ್ನೇ.